ಕಳೆನಾಶಕದ ಪರೀಕ್ಷೆಯು ನಮ್ಮ ಹೊಲಗಳಲ್ಲಿಯೂ ಆಗಬೇಕು

ತೆರಕಣಾಂಬಿಯ ಸುತ್ತಣ ಗ್ರಾಮಗಳಲ್ಲಿ ಅರಿಸಿನ, ಬಾಳೆ ಮತ್ತು ತರಕಾರಿಗಳ ಬೇಸಾಯವು ಹೆಚ್ಚಾಗಿರುವುದಷ್ಟೆ. ಕಳೆ ಕೀಳಲು ಆಳುಗಳು ದೊರೆಯದ ಕಾರಣ, ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ಬೆನ್ನಿನ ಪಂಪಿನಿಂದ ಎರಚುವ ರೂಢಿಯು ಬೇರೆಡೆಗಳಂತೆ ಇಲ್ಲಿಗೂ ಬಂದಿದೆ. ಇದರಿಂದ ಅರ್ಬುದರೋಗವು, ಎಂದರೆ ಕ್ಯಾನ್ಸರು, ಉಂಟಾಗುವುದೇ ಎಂಬ ಪ್ರಶ್ನೆಗೆ ಪಂಡಿತರು ಎರಡು ಬಗೆಯ ಉತ್ತರಗಳನ್ನು ಕೊಟ್ಟಿರುವರು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿಯು 2015ರ ಮಾರ್ಚಿಯಲ್ಲಿ ಇದನ್ನು ‘ಬಹುಶಃ ಅರ್ಬುದಕಾರಕ’ವೆಂದು ಗಣಿಸಿತು. ಅದೇ ವರ್ಷ ನವೆಂಬರಿನಲ್ಲಿ ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆಯು ಅಂತಹ ಅಪಾಯವು ಸಂಭವನೀಯವಲ್ಲವೆಂದಿತು.

ಈ ಭೇದವು ಬಹುಮಟ್ಟಿಗೆ ಪರೀಕ್ಷಿಸಿದ ವಸ್ತುವಿನಿಂದ ಹುಟ್ಟಿದ್ದು. ಯೂರೋಪಿನವರು ಮುಖ್ಯವಾಗಿ ಶುದ್ಧ ಗ್ಲೈಫೊಸೇಟನ್ನು ತೂಗಿ ನೋಡಿದರು. ಮಂಡಲಿಯವರು ಮಾರಾಟದ ಮಿಶ್ರಣಗಳ ಮೇಲೆ ನಡೆದು ಪ್ರಕಟವಾದ ಪರೀಕ್ಷೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ರೈತನ ಡಬ್ಬಿಯಲ್ಲಿರುವುದಾದರೋ ಶುದ್ಧ ವಸ್ತುವಲ್ಲ. ಔಷಧವು ಎಲೆಗೆ ಅಂಟಿ ಒಳಸೇರಲೆಂದು ಅದರಲ್ಲಿ ಸಾಬೂನಿನಂತಹ ದ್ರವ್ಯಗಳು ಬೆರೆತಿರುತ್ತವೆ. ಇವುಗಳಲ್ಲಿ ಕೆಲವು ಗ್ಲೈಫೊಸೇಟಿಗಿಂತಲೂ ಜೀವಕೋಶಗಳಿಗೆ ಹೆಚ್ಚು ವಿಷಕರವಾಗಿವೆ.

ವಂಶತಂತುವಿಗೆ, ಎಂದರೆ ಡಿ.ಎನ್.ಎ.ಗೆ, ಹಾನಿಯಾಯಿತೇ ಎಂಬುದನ್ನು ಅರಿಯಲು ಹಲವು ಉಪಾಯಗಳುಂಟು. ಅಮೆರಿಕದ ಬ್ರೂಸ್ ಏಮ್ಸ್ ಎಂಬವರು 1970ರ ದಶಕದಲ್ಲಿ ರೂಢಿಗೆ ತಂದ ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಗ್ಲೈಫೊಸೇಟು ಸಾಮಾನ್ಯವಾಗಿ ನಿರ್ದೋಷಿಯಾಗಿಯೇ ಕಂಡಿದೆ. ಇನ್ನೊಂದು, ಕಿರುಬೀಜದ ಪರೀಕ್ಷೆ. ಜೀವಕೋಶವು ಒಡೆದು ಎರಡಾಗುವಾಗ ತುಂಡಾದ ತಂತುವಿನ ಚೂರು ಕೋಶಬೀಜದೊಳಕ್ಕೆ ಸೇರದೆ ಪಕ್ಕದಲ್ಲಿ ಚಿಕ್ಕ ಚುಕ್ಕೆಯಾಗಿ ನಿಲ್ಲುವುದು. ಸೂಕ್ಷ್ಮದರ್ಶಕದಲ್ಲಿ ಅಂತಹ ಚುಕ್ಕೆಗಳನ್ನು ಎಣಿಸುವರು. ಚುಕ್ಕೆ ಕಂಡಮಾತ್ರಕ್ಕೆ ರೋಗವು ಬಂದೇ ಬರುವುದೆಂದಲ್ಲ. ಹಾನಿಗೊಂಡ ಕೋಶಗಳಲ್ಲಿ ಬಹುಪಾಲನ್ನು ದೇಹವೇ ಸರಿಪಡಿಸಿಕೊಳ್ಳುವುದು, ಇಲ್ಲವೆ ತೆಗೆದುಹಾಕುವುದು.

ಅಮೆರಿಕದ ಅಯೋವಾ ಮತ್ತು ಉತ್ತರ ಕೆರೊಲಿನಾ ಪ್ರಾಂತ್ಯಗಳಲ್ಲಿ 50,000ಕ್ಕೂ ಹೆಚ್ಚು ಮಂದಿ ಔಷಧ ಎರಚುವವರನ್ನು ಅನೇಕ ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ವರದಿಯು, ದುಗ್ಧಗ್ರಂಥಿಯ ಅರ್ಬುದಕ್ಕೂ ಗ್ಲೈಫೊಸೇಟಿಗೂ ಸಂಬಂಧವನ್ನು ಕಾಣಲಿಲ್ಲ. ಈ ವರದಿಯನ್ನು ಮುಂದಿಟ್ಟು ನಮ್ಮವರಿಗೆ ಧೈರ್ಯ ಹೇಳುವುದು ನನಗೆ ಸರಿತೋರುವುದಿಲ್ಲ. ಅವರಾದರೋ ತರಬೇತಾಗಿ ಅನುಮತಿಪತ್ರ ಪಡೆದವರು. ನಮ್ಮ ಕೂಲಿಗಾರನು ಬರಿಗಾಲಿನಲ್ಲಿ, ಸೋರುವ ಪಂಪನ್ನು ಹೊತ್ತು, ತಾನೇ ಎರಚಿದ ಹನಿಯ ನಡುವೆ ನಡೆಯುವನು. ಕೊಲಂಬಿಯ ದೇಶದಲ್ಲಿ ವಿಮಾನದಿಂದ ಎರಚಿದ ಬಳಿಕ ಹಳ್ಳಿಗರ ರಕ್ತದಲ್ಲಿ ಕಿರುಬೀಜಗಳು ಸ್ವಲ್ಪ ಹೆಚ್ಚಿದುದನ್ನು 2009ರಲ್ಲಿ ವರದಿಮಾಡಿದರು. ಅವರೂ ಅಪಾಯವು ಅಲ್ಪವೆಂದೇ ಎಣಿಸಿದರು.

ಆದುದರಿಂದ ಗುಂಡ್ಲುಪೇಟೆ ತಾಲ್ಲೂಕಿನಲ್ಲಿಯೇ ಒಂದು ಪರೀಕ್ಷೆ ನಡೆಯಬೇಕೆಂದು ನನ್ನ ಅಭಿಪ್ರಾಯ. ಇದಕ್ಕೆ ಸೂಜಿಯೂ ಬೇಡ. ಒಪ್ಪಿದವರ ಕೆನ್ನೆಯ ಒಳಭಾಗವನ್ನು ಮರದ ಪಟ್ಟಿಯಿಂದ ಮೆಲ್ಲನೆ ಸವರಿ, ಎರಚುವ ಮೊದಲು ಒಮ್ಮೆ, ಮೂರು ವಾರಗಳ ಮೇಲೆ ಮತ್ತೊಮ್ಮೆ ಕೋಶಗಳನ್ನು ತೆಗೆದರೆ ಸಾಕು. ಎಲೆಅಡಿಕೆಯೊಡನೆ ಹೊಗೆಸೊಪ್ಪು ಅಗಿಯುವವರಲ್ಲಿ ಈ ಚುಕ್ಕೆಗಳು ಹೇಗೂ ಹೆಚ್ಚಾಗಿರುವುದರಿಂದ ಅವರ ಲೆಕ್ಕವನ್ನು ಬೇರೆಯಾಗಿಡತಕ್ಕದ್ದು. ಇಲ್ಲವಾದರೆ ಹೊಗೆಸೊಪ್ಪಿನ ತಪ್ಪನ್ನು ಔಷಧದ ಮೇಲೆ ಹೊರಿಸಿದಂತಾದೀತು. ಔಷಧವನ್ನೇ ಮುಟ್ಟದವರನ್ನೂ ಅಷ್ಟೇ ಸಂಖ್ಯೆಯಲ್ಲಿ ಸೇರಿಸಿಕೊಳ್ಳಬೇಕು. ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವು ರೈತರನ್ನು ಒಟ್ಟುಗೂಡಿಸಿ, ಮೈಸೂರು ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯು ಎಣಿಕೆಯನ್ನು ವಹಿಸಿಕೊಂಡರೆ ವೆಚ್ಚವು ದೊಡ್ಡದಾಗದು.

ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಹೊರಡಿಸಿದ ಆಜ್ಞೆಯಂತೆ ಈ ಔಷಧವನ್ನು ಪರವಾನಗಿ ಪಡೆದ ಕೀಟನಿಯಂತ್ರಕರ ಹೊರತು ಬೇರೆ ಯಾರೂ ಎರಚಕೂಡದು. ಅಂತಹವರು ಹಳ್ಳಿಯಲ್ಲಿ ಎಷ್ಟು ಮಂದಿ ಸಿಕ್ಕುವರೆಂಬುದನ್ನು ವಾಚಕರೇ ಬಲ್ಲರು. ಪರೀಕ್ಷೆಗೆ ಒಪ್ಪಿ ಬರುವ ರೈತನ ಮೇಲೆ ಈ ಆಜ್ಞೆಯನ್ನು ಮುಂದುಮಾಡಿ ಮೊಕದ್ದಮೆ ಹೂಡಲಾಗದೆಂದು ಅಧಿಕಾರಿಗಳು ಮೊದಲೇ ಬರೆದುಕೊಡಬೇಕು. ಕೊಡದಿದ್ದರೆ ಒಬ್ಬನೂ ಬಾಯಿ ತೆರೆಯನು.