ಗ್ಲಾಮರ್ ಕೇಳುವವರಿಗೆ

"ಹುಡುಗಿ ಓದಿದ್ದಾಳೆ, ಆದರೆ ಗ್ಲಾಮರ್ ಇಲ್ಲ" ಎನ್ನುವವರ ಮೇಲೆ ನನ್ನದೊಂದು ತಕರಾರಿದೆ. ಆ ಮಾತು ಹುಟ್ಟಿದ್ದು ಬ್ಯೂಟಿಪಾರ್ಲರಿನಲ್ಲಲ್ಲ, ಸ್ಕಾಟ್ಲೆಂಡಿನ ಆಡುನುಡಿಯಲ್ಲಿ. ಅದರ ಮೂಲ ಯಾವುದು ಗೊತ್ತೆ? ಗ್ರಾಮರ್! ಹೌದು, ನಾವು ಶಾಲೆಯಲ್ಲಿ ಉರುಹೊಡೆದ ಅದೇ ವ್ಯಾಕರಣ. ಓದುಬರಹ ನಾಲ್ಕು ಜನಕ್ಕಷ್ಟೇ ಇದ್ದ ಕಾಲದಲ್ಲಿ ಗ್ರಾಮರ್ ಎಂದರೆ ಸಕಲ ವಿದ್ಯೆ. ಓದಿದವನಿಗೆ ಮಾಟಮಂತ್ರವೂ ಬರುತ್ತದೆಂದು ಉಳಿದವರಿಗೆ ಗುಮಾನಿ. ಸ್ಕಾಟರ ಬಾಯಲ್ಲಿ 'ರ'ಕಾರ 'ಲ'ಕಾರವಾಗಿ, ವಿದ್ಯೆ ಕಣ್ಕಟ್ಟಾಯಿತು. ವಾಲ್ಟರ್ ಸ್ಕಾಟ್ 1805ರಲ್ಲಿ ಅದನ್ನು ಕಾವ್ಯದಲ್ಲಿ ತಂದ. ಇಂಗ್ಲಿಷಿನಲ್ಲಿ ಅದು ಬಳಕೆಗೆ ಬಿತ್ತು. ಹೆಣ್ಣಿನ ಥಳುಕೆಂಬ ಅರ್ಥ ಅಂಟಿದ್ದು ಎಷ್ಟೋ ಆಮೇಲೆ. ಹಾಲಿವುಡ್ ಅದನ್ನು ನಟಿಯರ ಮುಖಕ್ಕೆ ಬಳಿಯಿತು, ನಮ್ಮವರು ಮದುವೆಯ ಮಾತುಕತೆಗೂ ತಂದರು. ಓದಿದವಳಿಗೆ ಗ್ಲಾಮರ್ ಇಲ್ಲವಂತೆ! ಇನ್ನು ಮುಂದೆ ಯಾರಾದರೂ ಹೆಣ್ಣು ನೋಡಲು ಬಂದು ಗ್ಲಾಮರ್ ಕೇಳಿದರೆ, ಕಾಫಿ ಲೋಟದ ಜೊತೆ ಮಾರ್ಕ್ಸ್ ಕಾರ್ಡನ್ನೂ ತಂದಿಡಿ.