‘ಅವ ಹಂಗ ಅದಾನ’ ಅನ್ನೋದು ರೋಗದ ಹೆಸರಲ್ಲ

ಬುದ್ಧಿಮಾಂದ್ಯ ಮಗನನ್ನು ಕರಕೊಂಡು ದವಾಖಾನೆಗೆ ಹೋದ ತಾಯಂದಿರಿಗೆ ನಮ್ಮ ಭಾಗದಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಅವ ಮೊದಲಿಂದಾನೂ ಹಂಗ ಅದಾನಲ್ಲ ಯವ್ವಾ, ಏನ್ ಮಾಡಾಕ ಬರ್ತೈತಿ?’ ಮಗ ಎರಡು ದಿನದಿಂದ ಉಂಡಿಲ್ಲ, ತಲೆ ಗೋಡೆಗೆ ಬಡಕೊಳ್ತಾನೆ, ರಾತ್ರಿಯೆಲ್ಲಾ ಚೀರ್ತಾನೆ ಅಂತ ಹೇಳಲು ಬಂದವಳು ಆಕೆ. ಚೀರುವುದು ಅವನ ಗುಣ ಅಂತ ಆಗಲೇ ತೀರ್ಮಾನ ಆಗಿರುತ್ತದೆ. ನಿದ್ದೆ ಬರುವ ಗುಳಿಗೆ ಬರೆದುಕೊಡುತ್ತಾರೆ, ಇಲ್ಲಾಂದ್ರೆ ‘ವಿಜಯಪುರಕ್ಕ ಒಯ್ರಿ’ ಅಂತಾರೆ. ಬಾಯಿ ತೆಗೆಸಿ ಹಲ್ಲು ನೋಡುವುದಿಲ್ಲ, ಕಿವಿಗೆ ಬ್ಯಾಟರಿ ಹಿಡಿಯುವುದಿಲ್ಲ, ಹೊಟ್ಟೆ ಒತ್ತಿ ನೋಡುವುದಿಲ್ಲ.

ಇದನ್ನು ನಾವು ನಿರ್ಲಕ್ಷ್ಯ ಅಂತಲೇ ಕರೆಯುತ್ತೇವೆ. ಅದಕ್ಕಿಂತ ಮೆತ್ತನೆಯ ಶಬ್ದ ಹುಡುಕುವ ಮನಸ್ಸು ನಮಗಿಲ್ಲ.

ನಾವು ಹೇಳುತ್ತಿರುವುದು ಹುಟ್ಟಿನಿಂದ ಅಥವಾ ಚಿಕ್ಕಂದಿನಿಂದ ಬುದ್ಧಿಯ ಬೆಳವಣಿಗೆ ಕಡಿಮೆ ಇರುವವರ ಬಗ್ಗೆ. ಡೌನ್ ಸಿಂಡ್ರೋಮ್ ಇರುವವರು ಇದರಲ್ಲಿ ಬರುತ್ತಾರೆ, ಆಟಿಸಂ ಇರುವ ಹಲವರೂ ಬರುತ್ತಾರೆ. ಊರಲ್ಲಿ ಇವರಿಗೆ ಹುಚ್ಚ, ಪೆದ್ದ ಅನ್ನುವ ಹೆಸರುಗಳಿವೆ. ಆ ಶಬ್ದಗಳು ದವಾಖಾನೆಯ ಒಳಗೂ ಕೇಳುತ್ತವೆ ಅನ್ನೋದೇ ನಮ್ಮ ಸಿಟ್ಟು.

ಮಾತು ಬಾರದವನಿಗೆ ನೋವು ಬಂದರೆ ಅವನು ಹೇಗೆ ಹೇಳಬೇಕು? ಹಲ್ಲು ನೋವಿದ್ದರೆ ಕೆನ್ನೆಗೆ ಹೊಡಕೊಳ್ಳುತ್ತಾನೆ. ಕಿವಿ ಸೋರುತ್ತಿದ್ದರೆ ತಲೆ ಬಡಕೊಳ್ಳುತ್ತಾನೆ. ಹೊಟ್ಟೆಯಲ್ಲಿ ಉರಿ ಇದ್ದರೆ ತಾಟು ಒಗೆಯುತ್ತಾನೆ. ಮಲಬದ್ಧತೆ ನಮಗೆ ನಗೆಯ ಮಾತು, ಆದರೆ ಇಂಥವರಲ್ಲಿ ಅದು ವಾರಗಟ್ಟಲೆ ಯಾರಿಗೂ ತಿಳಿಯದೆ ಉಳಿದು ಕರುಳು ಕಟ್ಟಿ ಜೀವ ತೆಗೆದ ಉದಾಹರಣೆಗಳಿವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಥೈರಾಯ್ಡ್ ತೊಂದರೆಯೂ ಅವರಲ್ಲಿ ಜಾಸ್ತಿ. ಥೈರಾಯ್ಡ್ ಕಡಿಮೆಯಾದ ಹುಡುಗಿ ಮೂಲೆ ಹಿಡಿದು ಕೂತರೆ ‘ಇನ್ನೂ ಮಂದ ಆದ್ಲು’ ಅನ್ನುತ್ತೇವೆ. ಅದು ಒಂದು ರಕ್ತ ಪರೀಕ್ಷೆ, ದಿನಕ್ಕೊಂದು ಗುಳಿಗೆಯ ವಿಷಯ. ಮೂರ್ಛೆ ರೋಗವೂ ಇವರಲ್ಲಿ ಉಳಿದವರಿಗಿಂತ ಬಹಳ ಹೆಚ್ಚು. ಮೊನ್ನೆವರೆಗೆ ಸುಮ್ಮನಿದ್ದವನು ಇದ್ದಕ್ಕಿದ್ದಂತೆ ಬದಲಾದರೆ ಮೊದಲು ಕೇಳಬೇಕಾದ ಪ್ರಶ್ನೆ ‘ಇವನಿಗೆ ಎಲ್ಲಿ ನೋವಾಗ್ತಿದೆ?’ ಅನ್ನೋದು.

ತಾಲ್ಲೂಕು ದವಾಖಾನೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ಒಳ್ಳೆಯದೇ. ಆದರೆ ಹಲ್ಲು ನೋವಿನ ಹುಡುಗನಿಗೂ ‘ಮಂಗಳವಾರ ಬರ್ರಿ’ ಅಂದರೆ ಏನರ್ಥ? ಬುದ್ಧಿಮಾಂದ್ಯತೆ ಬೇರೆ, ಮಾನಸಿಕ ಕಾಯಿಲೆ ಬೇರೆ, ಹಲ್ಲು ನೋವು ಇನ್ನೂ ಬೇರೆ.

ಈಗ ಕಾನೂನಿಗೆ ಬರೋಣ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದ್ದು, ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಅದರ 25ನೇ ಕಲಂ ಪ್ರಕಾರ ವಿಕಲಚೇತನರನ್ನು ನೋಡುವುದರಲ್ಲಿ, ಅವರಿಗೆ ಚಿಕಿತ್ಸೆ ಕೊಡುವುದರಲ್ಲಿ ಆದ್ಯತೆ ಕೊಡಬೇಕು. ಹತ್ತಿರದಲ್ಲೇ, ಅದರಲ್ಲೂ ಹಳ್ಳಿಗಳಲ್ಲಿ, ಸರ್ಕಾರ ಗೊತ್ತುಮಾಡಿದ ಆದಾಯದ ಮಿತಿಯೊಳಗಿನ ಕುಟುಂಬಗಳಿಗೆ ಉಚಿತ ಆರೋಗ್ಯ ಸೇವೆ ಸಿಗಬೇಕು. ಸರ್ಕಾರಿ ಮಾತ್ರವಲ್ಲ, ಖಾಸಗಿ ದವಾಖಾನೆಯಲ್ಲೂ ಅವರಿಗೆ ಅಡೆತಡೆ ಇರಬಾರದು. 47ನೇ ಕಲಂ ಡಾಕ್ಟರು, ನರ್ಸ್, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಕಲಿಕೆಯಲ್ಲಿ ಈ ವಿಷಯ ಸೇರಿಸಬೇಕು ಅನ್ನುತ್ತದೆ. ಕಾಯ್ದೆ ಮೀರಿದರೆ ಮೊದಲ ಸಲಕ್ಕೆ 10 ಸಾವಿರ ರೂಪಾಯಿವರೆಗೆ ದಂಡ.

ಹೀಗಿದ್ದೂ ಒಂದು ತಾಯಿ ಪಾಳಿಯಲ್ಲಿ ಮೂರು ತಾಸು ನಿಲ್ಲುತ್ತಾಳೆ. ಫ್ಯಾನಿನ ಸಪ್ಪಳ, ಕೂಸುಗಳ ಅಳು, ಮದ್ದಿನ ವಾಸನೆ, ಗುರುತಿಲ್ಲದ ಮಂದಿ. ನಮ್ಮ ರಾವುತರಾಯ ಮಲ್ಲಯ್ಯನ ಜಾತ್ರೆಯಲ್ಲಿ ತಾಯಿಯ ಸೆರಗು ಹಿಡಿದು ಸುಮ್ಮನೆ ತಿರುಗುವ ಹುಡುಗನೂ ಅಲ್ಲಿ ತಾಳಲಾರ. ಅವನು ಕೂಗಿದಾಗ ಎಲ್ಲರೂ ತಿರುಗಿ ತಾಯಿಯ ಮುಖ ನೋಡುತ್ತಾರೆ. ಆಕೆ ಚೀಟಿ ಮಡಚಿಕೊಂಡು ಮನೆಗೆ ಬರುತ್ತಾಳೆ. ಮುಂದಿನ ಸಲ ಹೋಗುವುದೇ ಇಲ್ಲ.

‘ಒಬ್ಬರೇ ಡಾಕ್ಟರು, ಹೊರಗೆ ನೂರಾರು ಮಂದಿ, ಎಲ್ಲಿಂದ ಸಮಯ ತರೋಣ?’ ಅಂತ ಕೇಳುವವರಿದ್ದಾರೆ. ಕೊರತೆ ಸುಳ್ಳಲ್ಲ. ಸಿಬ್ಬಂದಿ ಇಲ್ಲದ ದವಾಖಾನೆಯಲ್ಲಿ ದುಡಿಯುವ ನರ್ಸಮ್ಮನ ಮೇಲೆ ನಮಗೆ ಹಗೆಯಿಲ್ಲ. ಆದರೆ ಆ ಹುಡುಗನನ್ನು ಮೊದಲು ಒಳಗೆ ಕರೆಯಲು ಯಾವ ಬಜೆಟ್ ಬೇಕು? ಗದ್ದಲವಿಲ್ಲದ ಕೋಣೆಯಲ್ಲಿ ಕೂಡಿಸಲು, ಸೂಜಿ ತೋರಿಸಿ ‘ಈಗ ಚುಚ್ತೀನಿ’ ಅಂತ ಹೇಳಿ ಚುಚ್ಚಲು, ಭರ್ತಿಯಾದಾಗ ರಾತ್ರಿ ತಾಯಿಯನ್ನು ಪಕ್ಕದಲ್ಲಿ ಬಿಡಲು ಯಾವ ಮಂತ್ರಿಯ ಸಹಿ ಬೇಕು? ನಾಲ್ಕು ಮಂದಿ ಹಿಡಿದು ಮಲಗಿಸಿ ಸೂಜಿ ಚುಚ್ಚುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ.

ದುಡ್ಡಿದ್ದ ದೇಶದಲ್ಲೂ ಇದು ತಾನಾಗಿ ಸರಿಹೋಗಲಿಲ್ಲ. ಇಂಗ್ಲೆಂಡಿನಲ್ಲಿ ಮೆನ್‌ಕ್ಯಾಪ್ ಎಂಬ ಸಂಸ್ಥೆ 2007ರಲ್ಲಿ, ಸರ್ಕಾರಿ ಆರೋಗ್ಯ ವ್ಯವಸ್ಥೆಯ ಆರೈಕೆಯಲ್ಲಿದ್ದಾಗ ಸತ್ತ ಆರು ಮಂದಿ ಬುದ್ಧಿಮಾಂದ್ಯರ ಕಥೆ ಹೊರಗಿಟ್ಟಿತು. 2016ರಲ್ಲಿ ಬ್ರಿಸ್ಟಲ್‌ನಲ್ಲಿ ಆಲಿವರ್ ಮೆಕ್‌ಗೋವನ್ ಎಂಬ 18 ವರ್ಷದ ಹುಡುಗ ತೀರಿಕೊಂಡ. ಒಂದು ಬಗೆಯ ಔಷಧಿ ತನಗೆ ಒಗ್ಗುವುದಿಲ್ಲ ಅಂತ ಅವನೂ ಹೇಳಿದ್ದ, ತಂದೆತಾಯಿಯೂ ಹೇಳಿದ್ದರು. ಆದರೂ ಕೊಟ್ಟರು. ಅವನ ತಾಯಿ ಬಿಡಲಿಲ್ಲ. 2022ರ ಕಾನೂನು ಅಲ್ಲಿನ ಆರೋಗ್ಯ ಸಿಬ್ಬಂದಿಗೆ ಈ ಕುರಿತು ತರಬೇತಿ ಕಡ್ಡಾಯ ಮಾಡಿತು, ಆ ತರಬೇತಿಗೆ ಅವನದೇ ಹೆಸರು. ಇವರು ಉಳಿದವರಿಗಿಂತ ಸುಮಾರು 20 ವರ್ಷ ಮೊದಲೇ ಸಾಯುತ್ತಾರೆ, ಆ ಸಾವುಗಳಲ್ಲಿ ನೂರಕ್ಕೆ ಸುಮಾರು 40 ತಪ್ಪಿಸಬಹುದಾದವು ಅಂತ ಅವರಿಗೆ ಗೊತ್ತು. ಹೇಗೆ ಗೊತ್ತು? ಒಂದೊಂದು ಸಾವನ್ನೂ ಬರೆದಿಟ್ಟು ಕಾರಣ ಕೇಳಿದ್ದರಿಂದ.

ನಮ್ಮಲ್ಲಿ ಅಂಥ ದಫ್ತರವೇ ಇಲ್ಲ. ಬದುಕಿದ್ದವರ ಲೆಕ್ಕವೇ ಸರಿಯಿಲ್ಲದಾಗ ಸತ್ತವರ ಲೆಕ್ಕ ಎಲ್ಲಿ? 2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರನ್ನು ಎಣಿಸಿತು, ಅದರಲ್ಲಿ ಬುದ್ಧಿಮಾಂದ್ಯರು 90 ಸಾವಿರದ ಆಸುಪಾಸು. ಆರು ಕೋಟಿ ಮಂದಿಯಲ್ಲಿ ಇಷ್ಟೇನಾ? ನೂರಕ್ಕೆ ಒಬ್ಬರು ಅನ್ನುವುದು ಜಗತ್ತಿನ ಸಾಮಾನ್ಯ ಅಂದಾಜು. ಉಳಿದವರು ಒಳಗಿನ ಕೋಣೆಯಲ್ಲಿದ್ದಾರೆ. ಅಕ್ಕನ ಮದುವೆ ಕೆಡಬಾರದು ಅಂತ ತಮ್ಮನ ಹೆಸರು ಹೇಳದ ಮನೆಗಳು ನಮ್ಮ ಓಣಿಗಳಲ್ಲೇ ಇವೆ. ದವಾಖಾನೆಯನ್ನು ಬೈಯುವ ನಾವು ಈ ಮಾತನ್ನೂ ಆಡಲೇಬೇಕು.

ಇನ್ನೊಂದು ದೊಡ್ಡ ತೂತು 18ನೇ ವಯಸ್ಸಿನದು. ಅಲ್ಲಿವರೆಗೆ ಅಂಗನವಾಡಿಗೆ, ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಗಾಡಿಯಾದರೂ ಬರುತ್ತದೆ. 18 ತುಂಬಿದ ಮೇಲೆ ಹುಡುಕಿಕೊಂಡು ಬರುವವರಿಲ್ಲ. ಆಪರೇಷನ್ ಅಂದಾಗ ‘ಇವನ ಪರವಾಗಿ ಸಹಿ ಯಾರು ಮಾಡಬೇಕು?’ ಅನ್ನುವ ತಕರಾರು ಬೇರೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿದರೆ ತಂದೆತಾಯಿಗೇ ಕಾನೂನುಬದ್ಧ ಪಾಲಕತ್ವ ಸಿಗುತ್ತದೆ. ತುರ್ತು ಬರುವ ಮೊದಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸ ಇದು. ಅದೇ ಕಾಯ್ದೆಯ ಸಂಸ್ಥೆ ನಡೆಸುವ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಖರ್ಚು ಸಿಗುತ್ತದೆ, ವಯಸ್ಸಿನ ಮಿತಿಯಿಲ್ಲ. ಇದನ್ನು ಮನೆಮನೆಗೆ ಹೇಳಬೇಕಾದವರು ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು. ಅವರಿಗೆ ಸಿಗುವುದು ಪುಡಿಗಾಸಿನ ಗೌರವಧನ, ಹೊರಿಸುವುದು ಊರ ತುಂಬ ಕೆಲಸ, ಇದೂ ಸರ್ಕಾರದ್ದೇ ತಪ್ಪು.

ವಿಜಯಪುರದಲ್ಲಿ 2025ರಲ್ಲಿ ಪೂರ್ತಿ ಸರ್ಕಾರಿ ವೈದ್ಯಕೀಯ ಕಾಲೇಜು ಬೇಕು ಅಂತ ಧರಣಿ ನಡೆಯಿತು. ಆ ಬೇಡಿಕೆ ನಮ್ಮದೂ ಹೌದು. ಆದರೆ ಕಾಲೇಜು ಬಂದಮೇಲೂ ಅಲ್ಲಿ ಕಲಿತ ಡಾಕ್ಟರು ‘ಅವ ಹಂಗ ಅದಾನ’ ಅನ್ನುವುದಾದರೆ ನಮಗೆ ಸಿಕ್ಕಿದ್ದು ಕಟ್ಟಡ ಮಾತ್ರ. ಬೇಡಿಕೆಯ ಪಟ್ಟಿಗೆ ಇದೂ ಒಂದು ಸಾಲು ಸೇರಲಿ.

ಅಲ್ಲಿವರೆಗೆ ಮನೆಯಲ್ಲೇ ಒಂದು ಹಾಳೆ ಬರೆದಿಡ್ರಿ. ಇಂಗ್ಲೆಂಡಿನಲ್ಲಿ ಇದಕ್ಕೆ ದವಾಖಾನೆ ಪಾಸ್‌ಪೋರ್ಟ್ ಅನ್ನುತ್ತಾರೆ, ನಮಗೆ ನೋಟ್‌ಬುಕ್ಕಿನ ಹಾಳೆ ಸಾಕು. ಮಗಳ ಹೆಸರು, ತೆಗೆದುಕೊಳ್ಳುವ ಗುಳಿಗೆ, ಒಗ್ಗದ ಔಷಧಿ, ನೋವಾದಾಗ ಆಕೆ ಏನು ಮಾಡುತ್ತಾಳೆ, ಯಾವುದಕ್ಕೆ ಅಂಜುತ್ತಾಳೆ, ಯಾವ ಮಾತಿಗೆ ಸಮಾಧಾನ ಆಗುತ್ತಾಳೆ, ದಿನಾ ಹೇಗಿರುತ್ತಾಳೆ, ಈಗ ಏನು ಬದಲಾಗಿದೆ. ಬರೆಯಲು ಬಾರದಿದ್ದರೆ ಆಶಾ ಅಕ್ಕನ ಕೈಯಲ್ಲಿ ಬರೆಸಿ. ಯುಡಿಐಡಿ ಕಾರ್ಡಿನ ಜೊತೆ ಆ ಹಾಳೆಯನ್ನೂ ಡಾಕ್ಟರ ಮುಂದಿಡಿ. ‘25ನೇ ಕಲಂ ಪ್ರಕಾರ ಮೊದಲು ನೋಡ್ರಿ ಸಾಹೇಬ್ರ’ ಅಂತ ಕೇಳಿ. ಇಲ್ಲ ಅಂದರೆ ಇಲ್ಲ ಅಂತ ಚೀಟಿಯ ಮೇಲೆ ಬರೆದುಕೊಡಲು ಹೇಳಿ. ಆ ಚೀಟಿಯೊಂದಿಗೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕಳಿಸಬಹುದು.

ಕೊಂಡಗೂಳಿ ಇರಲಿ, ಮುಳಸಾವಳಗಿ ಇರಲಿ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡು ಪ್ರಶ್ನೆ ಕೇಳ್ರಿ. ನಮ್ಮ ಊರಲ್ಲಿ ಇಂಥವರು ಎಷ್ಟು ಮಂದಿ ಇದ್ದಾರೆ? ಹೋದ ವರ್ಷ ಅವರಲ್ಲಿ ಎಷ್ಟು ಮಂದಿಯನ್ನು ಡಾಕ್ಟರು ಮುಟ್ಟಿ ನೋಡಿದ್ದಾರೆ? ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಸಿ, ಫೋಟೋ ಹೊಡೆದು ನಮಗೆ ಕಳಿಸಿ. ಊರಿನ ಹೆಸರು ಹಾಕಿ ಇಲ್ಲೇ ಪ್ರಕಟಿಸುತ್ತೇವೆ.