ಊಟದ ಮುಂದೋ, ಹಿಂದೋ?

ಆಸ್ಪತ್ರೆಯ ಔಷಧ ವಿತರಣೆಯ ಕಿಟಕಿಯಲ್ಲಿ ಮಾತ್ರೆ ಕೈಗೆ ಬರುವಾಗ ಅದರೊಡನೆ ಮೂರು ಭಾಷೆಗಳೂ ಬರುತ್ತವೆ. ವೈದ್ಯರ ಚೀಟಿಯ ಸಂಕ್ಷೇಪಾಕ್ಷರಗಳು ಲ್ಯಾಟಿನ್ ಮೂಲದವು. ಔಷಧದ ಹೆಸರು ಇಂಗ್ಲಿಷಿನಲ್ಲಿರುತ್ತದೆ. ಸೇವಿಸುವ ಕ್ರಮವನ್ನು ತಿಳಿಸುವ ಮಾತು ತಮಿಳಿನದು. ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಈ ಮೂರನ್ನೂ ಅಜ್ಜ ಅಜ್ಜಿಯರಿಗೆ ಮನೆಮಾತಿನಲ್ಲಿ ತಿಳಿಯಹೇಳುವ ಹೊಣೆ ಹಲವು ಸಲ ಶಾಲೆಗೆ ಹೋಗುವ ಮೊಮ್ಮಕ್ಕಳ ಮೇಲೆ ಬೀಳುತ್ತದೆ. 2006ರ ತಮಿಳು ಕಲಿಕೆ ಕಾಯ್ದೆಯ ತರುವಾಯ ಕನ್ನಡ ಮಾಧ್ಯಮದ ಮಕ್ಕಳೂ ಹಂತಹಂತವಾಗಿ ತಮಿಳು ಓದಿದವರಾದ್ದರಿಂದ ಅಕ್ಷರ ಅವರಿಗೆ ತೊಡಕಲ್ಲ. ತೊಡಕಿರುವುದು ಬೇರೆಡೆ.

ಮೊದಲು ಲ್ಯಾಟಿನ್ ಅಕ್ಷರಗಳನ್ನು ನೋಡಬಹುದು; ಅವು ನೋಡಲು ಭಯಂಕರ, ಕಲಿಯಲು ಸುಲಭ. ಓ.ಡಿ. ಎಂದರೆ ದಿನಕ್ಕೆ ಒಂದು ಸಲ, ಬಿ.ಡಿ. ಎಂದರೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ. ಎಚ್.ಎಸ್. ಎಂದಿದ್ದರೆ ಮಲಗುವ ಹೊತ್ತಿಗೆ, ಎಸ್.ಓ.ಎಸ್. ಎಂದಿದ್ದರೆ ಅಗತ್ಯ ಬಿದ್ದಾಗ ಮಾತ್ರ. ಕನ್ನಡದ ಕಿವಿಗೆ ಮೊದಲನೆಯದು ‘ಓಡಿ’ ಎಂದೂ ಎರಡನೆಯದು ‘ಬಿಡಿ’ ಎಂದೂ ಕೇಳಿಸುವುದು ವಿನೋದದ ಸಂಗತಿ. ಬಿಡಿ ಎಂದು ಬರೆದ ಮಾತ್ರೆಯನ್ನು ಬಿಡಬಾರದು ಎಂದು ಒಮ್ಮೆ ನಕ್ಕು ಹೇಳಿದರೆ ಮಕ್ಕಳು ಅದನ್ನು ಮರೆಯುವುದಿಲ್ಲ. ಊಟಕ್ಕೆ ಸಂಬಂಧಿಸಿದ ಎ.ಸಿ., ಪಿ.ಸಿ. ಎಂಬ ಜೋಡಿಗೆ ಗಡಿಯಾರವೇ ಪಾಠ. ಎ.ಎಂ., ಪಿ.ಎಂ. ಎಂಬಲ್ಲಿ ಇರುವ ‘ಆಂಟೆ’, ‘ಪೋಸ್ಟ್’ ಎಂಬ ಪದಗಳೇ ಇಲ್ಲಿಯೂ ಇವೆ. ಮಧ್ಯಾಹ್ನಕ್ಕೆ ಮೊದಲಿನದು ಎ.ಎಂ. ಆದಂತೆ ಊಟಕ್ಕೆ ಮೊದಲಿನದು ಎ.ಸಿ.; ನಂತರದ್ದು ಪಿ.ಸಿ. ಇತ್ತೀಚೆಗೆ ಹೆಚ್ಚಾಗಿ ಕಾಣುವ 1-0-1 ಎಂಬ ಬರಹಕ್ಕಂತೂ ಭಾಷೆಯ ಹಂಗೇ ಇಲ್ಲ: ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.

ಅಪಾಯ ಅಡಗಿರುವುದು ಅಪರಿಚಿತವಾದ ಲ್ಯಾಟಿನ್‌ನಲ್ಲಲ್ಲ, ತೀರ ಪರಿಚಿತವಾದ ತಮಿಳಿನಲ್ಲಿ. ಒಂದೇ ತಾಯಿಬೇರಿನಿಂದ ಬಂದ ಎರಡು ಭಾಷೆಗಳು ಒಂದೇ ಪದವನ್ನು ಬೇರೆ ದಿಕ್ಕುಗಳಿಗೆ ತಿರುಗಿಸಿಕೊಂಡಿವೆ. ಮಾತ್ರೆಯ ಕಾಗದದ ಲಕೋಟೆಯ ಮೇಲೆ ‘ಉಣವುಕ್ಕು ಮುನ್’, ‘ಉಣವುಕ್ಕುಪ್ ಪಿನ್’ ಎಂದಿರುತ್ತದೆ. ತಮಿಳಿನ ಮುನ್ ಎಂದರೆ ಊಟಕ್ಕೆ ಮೊದಲು. ಪಿನ್ ಎಂದರೆ ಊಟದ ನಂತರ. ತಮಿಳಿನ ಪಕಾರ ಕನ್ನಡದಲ್ಲಿ ಹಕಾರವಾಗುವುದು ಎಲ್ಲರೂ ಬಲ್ಲ ಸಂಗತಿ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ಹಾಗೆಯೇ ‘ಪಿನ್’ ಎಂಬುದು ‘ಹಿಂದೆ’ಯ ನಂಟ. ಆದರೆ ಕಾಲವನ್ನು ಹೇಳುವಾಗ ಕನ್ನಡದ ‘ಹಿಂದೆ’ ಆಗಿಹೋದುದನ್ನು ಸೂಚಿಸುತ್ತದೆ, ‘ಮುಂದೆ’ ಬರಲಿರುವುದನ್ನು. ಕನ್ನಡದ ‘ಮುಂದಿನ ವಾರ’ ಇನ್ನೂ ಬರಬೇಕಾದ ವಾರ. ತಮಿಳಿನ ‘ಮುಂದಿನ ವಾರಂ’ ಕಳೆದುಹೋದ ವಾರ. ಅಕ್ಷರವೂ ಒಂದೇ, ಉಚ್ಚಾರವೂ ಹೆಚ್ಚು ಕಡಿಮೆ ಒಂದೇ, ಅರ್ಥ ಮಾತ್ರ ಪೂರ್ವ ಪಶ್ಚಿಮ. ಕನ್ನಡದಲ್ಲಿಯೂ ‘ಮುನ್ನ’, ‘ಮುಂಚೆ’ ಎಂಬ ರೂಪಗಳು ತಮಿಳಿನ ಹಳೆಯ ಅರ್ಥವನ್ನೇ ಉಳಿಸಿಕೊಂಡಿರುವುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಲಕೋಟೆಯಲ್ಲಿ ‘ಪಿನ್’ ಎಂದು ಓದಿದ ಮಗು ಅಜ್ಜಿಗೆ ‘ಊಟದ ಹಿಂದೆ’ ಎಂದು ಹೇಳಿದರೆ, ಅಜ್ಜಿ ಅದನ್ನು ಊಟಕ್ಕೆ ಹಿಂದಿನ ಹೊತ್ತು ಎಂದು ತಿಳಿಯುವುದರಲ್ಲಿ ತಪ್ಪೇನಿದೆ?

ಕೆಲವು ಮಾತ್ರೆಗಳಲ್ಲಿ ಈ ಅದಲುಬದಲಿನಿಂದ ಹೆಚ್ಚಿನ ಹಾನಿಯಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಬರಿಹೊಟ್ಟೆಗೆ ಹೋದರೆ ಹೊಟ್ಟೆ ತೊಳಸೀತು, ಭೇದಿಯಾದೀತು. ಆಮ್ಲ ಕಡಿಮೆ ಮಾಡುವ ಒಮೆಪ್ರಜೋಲ್ ಊಟಕ್ಕೆ ಅರ್ಧ ಗಂಟೆ ಮೊದಲು ಹೋಗದಿದ್ದರೆ ಅದರ ಗುಣ ಕುಗ್ಗುತ್ತದೆ. ಥೈರಾಯ್ಡ್ ಮಾತ್ರೆ ಬೆಳಗಿನ ಬರಿಹೊಟ್ಟೆಗೇ ಬೇಕು. ತಿಂಡಿಯ ಮೇಲೆ ನುಂಗಿದರೆ ಸರಿಯಾಗಿ ಮೈಗೆ ಹತ್ತದು. ಗ್ಲಿಮೆಪಿರೈಡ್‌ನಂತಹ ಸಕ್ಕರೆ ಕಾಯಿಲೆಯ ಮಾತ್ರೆಗಳ ವಿಚಾರ ಬೇರೆ. ಅವು ಊಟವನ್ನು ನಂಬಿ ಕೆಲಸ ಮಾಡುವಂಥವು. ಮಾತ್ರೆ ಹೊಟ್ಟೆ ಸೇರಿ ಊಟ ತಪ್ಪಿದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ತೊದಲು, ಕಡೆಗೆ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ವಯಸ್ಸಾದವರಲ್ಲಿ ಇದನ್ನು ಸುಸ್ತು ಎಂದು ಭಾವಿಸಿ ಮಲಗಿಸಿಬಿಡುವುದುಂಟು. ಎಚ್ಚರವಿದ್ದು ನುಂಗಬಲ್ಲವರಾದರೆ ಆಗ ಬೇಕಾದುದು ಹಾಸಿಗೆಯಲ್ಲ, ಸಕ್ಕರೆ ಕದಡಿದ ನೀರು. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೆ ಆಸ್ಪತ್ರೆ.

ಇನ್ನೊಂದು ಜೋಡಿ ‘ನಾಳ್’ ಮತ್ತು ‘ನಾಳೆ’. ‘ಒರು ನಾಳೈಕ್ಕು ಇರಂಡು’ ಎಂದು ದಾದಿ ಹೇಳಿದರೆ ದಿನಕ್ಕೆ ಎರಡು ಎಂದರ್ಥ. ಅವಸರದಲ್ಲಿ ಕೇಳಿದ ಕನ್ನಡದ ಕಿವಿ ಅದರಲ್ಲಿ ‘ನಾಳೆಗೆ ಎರಡು’ ಎಂಬುದನ್ನಷ್ಟೇ ಹಿಡಿದರೆ ಇಂದಿನ ಮಾತ್ರೆ ತಪ್ಪಿತು. ಅರೈ, ಕಾಲ್ ಎಂಬ ಅಳತೆಗಳು ಮಾತ್ರ ಎರಡು ಭಾಷೆಗಳಲ್ಲಿಯೂ ಅರೆ ಮತ್ತು ಕಾಲು ಆಗಿಯೇ ಉಳಿದಿರುವುದು ಪುಣ್ಯ. 2021ರ ಆಗಸ್ಟ್ 5ರಂದು ನೆರೆಯ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯ ಹೆಸರಿನಲ್ಲಿಯೇ ಇಂಥದೊಂದು ಪದವಿದೆ. ತಮಿಳಿನ ಮಕ್ಕಳ್ ಎಂದರೆ ಜನರು. ಕನ್ನಡದವರಿಗೆ ಅದು ಮಕ್ಕಳ ಯೋಜನೆಯಂತೆ ಕೇಳಿಸುತ್ತದೆ. ವಾಸ್ತವದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರ ಮನೆಬಾಗಿಲಿಗೇ ಮಾತ್ರೆ ತಲುಪಿಸುವ ಏರ್ಪಾಡು ಅದು. ಬಾಗಿಲಲ್ಲಿ ನಿಂತು ಹೇಳುವ ಸೂಚನೆ ಬಾಯಿಮಾತಿನದಾಗಿರುವುದರಿಂದ ಎಚ್ಚರವೂ ಅಲ್ಲಿಯೇ ಹೆಚ್ಚು ಬೇಕು.

ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಅನುವಾದಿಸುವಾಗ ‘ಮುಂದೆ’, ‘ಹಿಂದೆ’ ಎಂಬೆರಡು ಪದಗಳನ್ನು ಬಿಟ್ಟುಬಿಡುವುದು. ‘ಮಾತ್ರೆ ನುಂಗಿ ಆಮೇಲೆ ಉಣ್ಣಬೇಕು’, ‘ಉಂಡು ಆಮೇಲೆ ನುಂಗಬೇಕು’ ಎಂದು ಕೆಲಸದ ಕ್ರಮದಲ್ಲಿಯೇ ಹೇಳುವುದು. ಕಿಟಕಿಯಿಂದ ಹೊರಡುವ ಮೊದಲು ತಾವು ತಿಳಿದುಕೊಂಡುದನ್ನು ಔಷಧ ಕೊಟ್ಟವರಿಗೆ ಒಮ್ಮೆ ತಿರುಗಿ ಹೇಳಿ ಒಪ್ಪಿಸುವುದು. ಹಿಂದೆ ಸಾಲು ನಿಂತಿರುವುದು ನಿಜ, ಅದಕ್ಕಾಗಿ ಸಂಕೋಚಪಡಬೇಕಾಗಿಲ್ಲ. ಲಕೋಟೆಯ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆದುಕೊಂಡರೆ ಕನ್ನಡ ಓದಬಲ್ಲ ಹಿರಿಯರು ಮೊಮ್ಮಕ್ಕಳು ಶಾಲೆಯಿಂದ ಬರುವ ತನಕ ಕಾಯಬೇಕಾಗುವುದಿಲ್ಲ.

ಔಷಧದ ಹೆಸರಿನ ಮಾತು ಸ್ವಲ್ಪ. 1994ರಲ್ಲಿ ಸ್ಥಾಪಿತವಾದ ತಮಿಳುನಾಡು ವೈದ್ಯಕೀಯ ಸೇವಾ ನಿಗಮ ಸರ್ಕಾರಿ ಆಸ್ಪತ್ರೆಗಳಿಗೆ ಒದಗಿಸುವ ಮಾತ್ರೆಗಳು ಮೂಲ ಔಷಧದ ಹೆಸರಿನಲ್ಲಿಯೇ ಬರುತ್ತವೆ. ಖಾಸಗಿ ಅಂಗಡಿಯಲ್ಲಿ ಕಂಪನಿ ಇಟ್ಟ ಹೆಸರೇ ದೊಡ್ಡದಾಗಿರುತ್ತದೆ. ಧರ್ಮಪುರಿಯ ಸರ್ಕಾರಿ ಆಸ್ಪತ್ರೆಯ ಪ್ಯಾರಾಸಿಟಮಾಲ್ ಮತ್ತು ಅಂಗಡಿಯ ಡೋಲೋ, ಕ್ರೋಸಿನ್, ಕಾಲ್ಪಾಲ್ ಒಂದೇ ವಸ್ತು. ಹೆಸರು ಬೇರೆಯೆಂದು ಎರಡನ್ನೂ ನುಂಗಿದರೆ ಪ್ರಮಾಣ ಇಮ್ಮಡಿಯಾಗಿ ಯಕೃತ್ತಿಗೆ ಪೆಟ್ಟು ಬೀಳಬಹುದು. ಮೂಲ ಹೆಸರುಗಳ ಬಾಲಗಳಿಗೂ ಅರ್ಥವುಂಟು: ಅಮ್ಲೋಡಿಪಿನ್‌ನ ‘ಡಿಪಿನ್’, ಎನಲಾಪ್ರಿಲ್‌ನ ‘ಪ್ರಿಲ್’, ಲೋಸಾರ್ಟಾನ್‌ನ ‘ಸಾರ್ಟಾನ್’ ಆಯಾ ಗುಂಪಿನ ಕುಲನಾಮಗಳು, ಈ ಮೂರೂ ರಕ್ತದೊತ್ತಡಕ್ಕೆ ಕೊಡುವಂಥವು. ಚೀಟಿಯನ್ನು ಮೂಲ ಹೆಸರಿನಲ್ಲಿ, ಓದಲು ಬರುವಂತೆ, ಸಾಧ್ಯವಾದರೆ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ತನ್ನ ನಿಯಮಕ್ಕೆ ತಿದ್ದುಪಡಿ ತಂದಿತು. ಆದ್ದರಿಂದ ಅಕ್ಷರ ತಿಳಿಯದಿದ್ದಾಗ ಕೇಳುವುದು ಉದ್ಧಟತನವಲ್ಲ.

ಎಳೆಯ ಮಕ್ಕಳ ಜ್ವರದ ಔಷಧದಲ್ಲಿ ಹೆಸರೊಂದೇ ಸಾಲದು, ಸಾಂದ್ರತೆಯನ್ನೂ ಓದಬೇಕು. ಪ್ಯಾರಾಸಿಟಮಾಲ್ ಸಿರಪ್ಪಿನ ಬಾಟಲಿಯಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಎಂದಿದ್ದರೆ, ಹಸುಗೂಸಿನ ಹನಿಯ ಬಾಟಲಿಯಲ್ಲಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ ಎಂದಿರುತ್ತದೆ. ಐದನೆಯ ತರಗತಿಯ ಗಣಿತ ಸಾಕು: ಹನಿಯ ಔಷಧ ಸಿರಪ್ಪಿನ ನಾಲ್ಕು ಪಟ್ಟು ಗಟ್ಟಿ. ಹನಿಯನ್ನು ಸಿರಪ್ಪಿನ ಅಳತೆಯಲ್ಲಿ 5 ಮಿಲಿಲೀಟರ್ ಕುಡಿಸಿದರೆ ಕೂಸಿನ ಹೊಟ್ಟೆಗೆ 500 ಮಿಲಿಗ್ರಾಂ, ಅಂದರೆ ದೊಡ್ಡವರ ಒಂದು ಇಡೀ ಮಾತ್ರೆ, ಹೋದಂತೆ. ಅಡುಗೆಮನೆಯ ಚಮಚಗಳು ಒಂದೊಂದು ಒಂದೊಂದು ಗಾತ್ರದವು. ಬಾಟಲಿಯೊಡನೆ ಬಂದ ಅಳತೆಯ ಮುಚ್ಚಳವನ್ನೇ ತೊಳೆದಿಟ್ಟುಕೊಳ್ಳಬೇಕು.

ವಾರಕ್ಕೊಮ್ಮೆ ನುಂಗುವ ಮಾತ್ರೆಯೂ ಉಂಟೆಂಬುದು ಶಾಲೆಯ ಮಕ್ಕಳಿಗೆ ಕಬ್ಬಿಣಾಂಶದ ಮಾತ್ರೆಯಿಂದ ಗೊತ್ತು; ಮನೆಯ ಹಿರಿಯರಿಗೆ ಅದು ಹೊಸದು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಅಂಥದು. ಅದನ್ನು ದಿನವೂ ನುಂಗಿ ಪ್ರಾಣ ಕಳೆದುಕೊಂಡ ಪ್ರಕರಣಗಳು ಲೋಕದಲ್ಲಿ ಹಲವು ಇವೆ. ಅಂಥ ಮಾತ್ರೆ ಮನೆಯಲ್ಲಿದ್ದರೆ ಅದರ ವಾರದ ಹೆಸರನ್ನು, ಸೋಮವಾರವೋ ಗುರುವಾರವೋ, ಲಕೋಟೆಯ ಮೇಲೆ ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಬರೆದು, ದಿನದ ಮಾತ್ರೆಗಳಿಂದ ಬೇರೆ ಡಬ್ಬಿಯಲ್ಲಿ ಇಡಬೇಕು. ಪಟ್ಟಿಯಿಂದ ಮಾತ್ರೆ ಬಿಡಿಸುವಾಗ ಹೆಸರೂ ಅವಧಿ ಮುಗಿಯುವ ದಿನಾಂಕವೂ ಅಚ್ಚಾಗಿರುವ ತುದಿಯನ್ನು ಕಡೆಯ ಮಾತ್ರೆಯವರೆಗೆ ಕತ್ತರಿಸದೆ ಉಳಿಸಿಕೊಳ್ಳುವುದು ಒಳ್ಳೆಯದು.